ಕೊಸರಿನ ಕಥೆ

ಸಂತೆಯಲ್ಲಿ ತರಕಾರಿ ಕೊಂಡವರು ಹಣ ಕೊಟ್ಟ ಮೇಲೂ ಚೀಲ ಹಿಡಿದು ನಿಲ್ಲುವುದುಂಟು. ಮಾರುವವಳು ಅದರ ಅರ್ಥವನ್ನು ಬಲ್ಲಳು. ಎರಡು ಎಸಳು ಕರಿಬೇವನ್ನೋ ನಾಲ್ಕು ಹಸಿಮೆಣಸಿನಕಾಯಿಯನ್ನೋ ಮೇಲೆ ಹಾಕುತ್ತಾಳೆ. ಕನ್ನಡದಲ್ಲಿ ಇದಕ್ಕೆ ಕೊಸರು ಎಂದು ಹೆಸರು. ಅಳತೆಗೆ ಮೀರಿ, ಬೆಲೆಯಿಲ್ಲದೆ ದೊರೆಯುವ ಈ ಅಲ್ಪ ಕಾಣಿಕೆಗೆ ಇಂಗ್ಲಿಷಿನಲ್ಲಿ 'ಲ್ಯಾನ್ಯಾಪ್' ಎಂಬ ಪದವಿದೆ. ಇಂಗ್ಲಿಷನ್ನೇ ಮಾತೃಭಾಷೆಯಾಗಿ ಉಳ್ಳವರಲ್ಲಿಯೂ ಅನೇಕರು ಇದನ್ನು ಕೇಳಿರಲಾರರು.

ಅಮೆರಿಕ ಸಂಯುಕ್ತ ಸಂಸ್ಥಾನದ ಲೂಸಿಯಾನ ರಾಜ್ಯದಲ್ಲಿ, ಅದರಲ್ಲಿಯೂ ಮಿಸಿಸಿಪಿ ನದಿಯ ದಡದ ನ್ಯೂ ಆರ್ಲಿಯನ್ಸ್ ನಗರದಲ್ಲಿ, ಈ ಪದ ಬಳಕೆಯಲ್ಲಿದೆ. 1882ರಲ್ಲಿ ಅಲ್ಲಿಗೆ ಹೋಗಿದ್ದ ಪ್ರಸಿದ್ಧ ಲೇಖಕ ಮಾರ್ಕ್ ಟ್ವೇನ್ ಇದಕ್ಕೆ ಮನಸೋತನು. ಮರುವರ್ಷ ಪ್ರಕಟವಾದ ತನ್ನ 'ಲೈಫ್ ಆನ್ ದಿ ಮಿಸಿಸಿಪಿ' ಗ್ರಂಥದಲ್ಲಿ ಈ ಪದ್ಧತಿಯನ್ನು ವರ್ಣಿಸಿದನು. ಅಂಗಡಿಯವನು ಮಕ್ಕಳಿಗೆ ಜ್ಯೇಷ್ಠಮಧುವಿನ ಬೇರಿನ ತುಂಡನ್ನೂ, ಆಳುಗಳಿಗೆ ಅಗ್ಗದ ಚುಟ್ಟವನ್ನೋ ನೂಲಿನ ಉಂಡೆಯನ್ನೋ ಕೊಡುತ್ತಿದ್ದನಂತೆ. ರಾಜ್ಯದ ಗವರ್ನರನೇ ಬಂದು ಕೇಳಿದರೆ ಬಹುಶಃ ತನ್ನ ಬೆಂಬಲವನ್ನು ಕೊಟ್ಟಾನೆಂದು ಟ್ವೇನ್ ವಿನೋದವಾಡಿದ್ದಾನೆ.

ಇಂಗ್ಲೆಂಡಿನ ರೊಟ್ಟಿಯಂಗಡಿಗಳಲ್ಲಿ ಡಜನ್ ರೊಟ್ಟಿಗೆ ಹದಿಮೂರನೆಯದನ್ನು ಸೇರಿಸುವ ರೂಢಿಯಿತ್ತು. ತೂಕ ಕಡಿಮೆಯಾದರೆ ದಂಡ ತೆರಬೇಕೆಂಬ ಅಂಜಿಕೆಯೇ ಅದಕ್ಕೆ ಕಾರಣವೆಂದು ಹೇಳುತ್ತಾರೆ. ಅಂಜಿ ಕೊಟ್ಟದ್ದಕ್ಕೂ ಪ್ರೀತಿಯಿಂದ ಕೊಟ್ಟದ್ದಕ್ಕೂ ಒಂದೇ ಹೆಸರು ಸಲ್ಲದಷ್ಟೆ!

ಪದದ ಮೂಲವನ್ನು ಅರಸಿದರೆ ಆ ನಗರದ ಇತಿಹಾಸವನ್ನೇ ನೋಡಬೇಕಾಗುತ್ತದೆ. 1718ರಲ್ಲಿ ಫ್ರೆಂಚರು ಸ್ಥಾಪಿಸಿದ ನ್ಯೂ ಆರ್ಲಿಯನ್ಸ್ 1762ರ ಒಪ್ಪಂದದಂತೆ ಸ್ಪೇನಿನ ಪಾಲಾಯಿತು. 1803ರಲ್ಲಿ ಸಂಯುಕ್ತ ಸಂಸ್ಥಾನಕ್ಕೆ ಸೇರಿತು. ಸ್ಪೇನಿನ ಆಳ್ವಿಕೆಯಲ್ಲಿಯೂ ಊರಿನವರ ನುಡಿ ಫ್ರೆಂಚೇ ಆಗಿತ್ತು. ಸ್ಪ್ಯಾನಿಷ್ ವರ್ತಕರು ಕೊಸರನ್ನು 'ಲಾ ಞಾಪ' ಎನ್ನುತ್ತಿದ್ದರು. ವರ್ಣಮಾಲೆಯಲ್ಲಿ ಕಲಿತು ಪುಸ್ತಕದಲ್ಲಿ ಅಪರೂಪವಾಗಿ ಕಾಣುವ ನಮ್ಮ ಞಕಾರಕ್ಕೆ ಇಲ್ಲೊಂದು ಕೆಲಸ ದೊರೆಯಿತು! 'ಲಾ' ಎಂಬುದು ನಾಮಪದದ ಹಿಂದೆ ಬರುವ ಬೇರೆ ಪದ. ಫ್ರೆಂಚರು ಎರಡನ್ನೂ ಬೆಸೆದು ಒಂದು ಮಾಡಿದರು. ಇಂಗ್ಲಿಷರು ಬೆಸೆದದ್ದನ್ನೇ ಎತ್ತಿಕೊಂಡರು.

ಆದರೆ ಸ್ಪ್ಯಾನಿಷರಿಗೂ ಇದು ಕಡ ತಂದ ಮಾತೇ. ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳಲ್ಲಿ ಇಂಕಾ ಸಾಮ್ರಾಜ್ಯದ ನುಡಿಯಾಗಿದ್ದ ಕೆಚುವಾ ಭಾಷೆಯಲ್ಲಿ 'ಯಾಪ' ಎಂದರೆ ಮೇಲೆ ಸೇರಿಸಿದ್ದು. 1532ರಲ್ಲಿ ಪಿಜಾರೋ ಇಂಕಾ ದೊರೆ ಅತಾಹುವಾಲ್ಪನನ್ನು ಸೆರೆಹಿಡಿದನು. ಬಿಡುಗಡೆಗಾಗಿ ಒಂದು ಕೋಣೆಯ ತುಂಬ ಚಿನ್ನವನ್ನು ಒಪ್ಪಿಸಬೇಕಾಯಿತು. ಚಿನ್ನ ಪಡೆದ ಮೇಲೂ ಮರುವರ್ಷ ದೊರೆಯನ್ನು ಕೊಲ್ಲಿಸಲಾಯಿತು. ಮಾತಿಗೆ ತಕ್ಕಷ್ಟನ್ನೂ ಕೊಡದೆ ಹೋದವರು ಆ ಜನರಿಂದಲೇ, ಮಾತಿಗಿಂತ ಹೆಚ್ಚು ಕೊಡುವುದಕ್ಕೆ ಹೆಸರನ್ನು ಕಲಿತರು. ಮುಂದೆ ಎರಡನೆಯ ತುಪಾಕ್ ಅಮಾರುವಿನ ದಂಗೆಯನ್ನು ಅಡಗಿಸಿದ ಮೇಲೆ, 1781ರಲ್ಲಿ, ಕೆಚುವಾ ಭಾಷೆಯನ್ನೇ ಅಳಿಸಿಹಾಕುವ ಆಜ್ಞೆಯೂ ಹೊರಟಿತು.

ಭಾಷೆ ಅಳಿಯಲಿಲ್ಲ. 1975ರಲ್ಲಿ ಪೆರು ದೇಶ ಅದಕ್ಕೆ ಅಧಿಕೃತ ಸ್ಥಾನವನ್ನು ನೀಡಿತು. ಪೆರು, ಬೊಲಿವಿಯ, ಎಕ್ವಡಾರ್‌ಗಳಲ್ಲಿ ಇಂದು ಲಕ್ಷಾಂತರ ಜನ ಅದನ್ನು ಆಡುತ್ತಾರೆ. ಅಲ್ಲಿಯ ಸಂತೆಗಳಲ್ಲಿ ಸ್ಪ್ಯಾನಿಷ್ ನುಡಿಯುವವರು ಸಹ ಆಲೂಗೆಡ್ಡೆಯ ಮೇಲೊಂದು ಆಲೂಗೆಡ್ಡೆ ಬೇಕಾದರೆ 'ಯಾಪ' ಎಂದೇ ಕೇಳುತ್ತಾರೆ.