ಲಾ ಓದೋ ಮಕ್ಕಳ ಎರಡು ಪುಟದ ಟಿಪ್ಪಣಿ ಶಾಸಕರಿಗೆ, ಪುರಸಭೆಗೆ ಯಾಕೆ ಬೇಕು?

ಮಗ ಲಾ ಓದ್ತಿದ್ದಾನೆ ಅಂದ್ರೆ ನಮ್ಮ ಕಡೆ ಕೇಳೋ ಮೊದಲ ಪ್ರಶ್ನೆ, ‘ಯಾವ ವಕೀಲರ ಹತ್ರ ಜೂನಿಯರ್ ಆಗ್ತಾನೆ?’ ಕೋರ್ಟು, ಕರಿ ಕೋಟು ಬಿಟ್ಟರೆ ಆ ಓದಿಗೆ ಬೇರೆ ದಾರಿ ಇದೆ ಅಂತ ಬಹಳ ಜನಕ್ಕೆ ಅನ್ನಿಸೋದಿಲ್ಲ. ಆದರೆ ಕಾಲೇಜು ಮುಗಿಸಿ ದಿನಕ್ಕೆ ಎರಡು ಮೂರು ಗಂಟೆ ಮಾಡಬಹುದಾದ ಒಂದು ಕೆಲಸ ಇದೆ. ಅದು ಕಾನೂನು ಸಂಶೋಧನೆ. ಅದನ್ನು ಕಾನೂನು ಮಾಡುವವರಿಗೆ ಅರ್ಥವಾಗೋ ಹಾಗೆ ಬರೆದು ಕೊಡೋದೂ ಅದರಲ್ಲೇ ಸೇರಿದೆ.

ವಿಷಯ ಇಷ್ಟೇ. ಒಂದು ಕಾನೂನು ನೆಲದ ಮೇಲೆ ಹೇಗೆ ನಡೀತಿದೆ, ಎಲ್ಲಿ ಸೋತಿದೆ ಅಂತ ಪ್ರಾಧ್ಯಾಪಕರು ಉದ್ದುದ್ದ ಲೇಖನ ಬರೀತಾರೆ. ಐವತ್ತು ಪುಟ, ಅರ್ಧ ಅಡಿಟಿಪ್ಪಣಿ, ಅದೂ ಇಂಗ್ಲಿಷಿನಲ್ಲಿ. ನಮ್ಮ ವಿಧಾನಸಭೆಯಲ್ಲಿ 224 ಶಾಸಕರಿದ್ದಾರೆ. ಅವರ ಪಿಎಗಳ ಫೋನು ವರ್ಗಾವಣೆ, ಪಿಂಚಣಿ, ಬೋರ್‌ವೆಲ್ ಅಂತ ದಿನವಿಡೀ ಹೊಡ್ಕೋತಾನೇ ಇರುತ್ತೆ. ಆ ಲೇಖನ ಓದೋರು ಯಾರು? ವಿದ್ಯಾರ್ಥಿ ಬರೋದು ಈ ನಡುವೆ. ಅವನು ಲೇಖನ ಓದಬೇಕು, ಮೂಲ ಕಾಯ್ದೆ ತೆಗೆದು ನೋಡಬೇಕು, ಅದರಲ್ಲಿ ಹೆಸರಿಸಿದ ತೀರ್ಪು ಈಗಲೂ ಉಳಿದಿದೆಯೋ, ಮೇಲಿನ ಕೋರ್ಟು ತಳ್ಳಿಹಾಕಿದೆಯೋ ಅಂತ ಪರೀಕ್ಷಿಸಬೇಕು. ಆಮೇಲೆ ಎರಡು ಪುಟಕ್ಕೆ ಇಳಿಸಬೇಕು. ಓದೋದು ಸುಲಭ, ಇಳಿಸೋದೇ ಕಷ್ಟ. ‘ಕೆಲವು ಪ್ರಕರಣಗಳಲ್ಲಿ’ ಅಂತ ಇರೋದನ್ನ ಚಿಕ್ಕದು ಮಾಡೋ ಭರದಲ್ಲಿ ‘ಎಲ್ಲ ಪ್ರಕರಣಗಳಲ್ಲೂ’ ಅಂತ ಬರೆದರೆ ಇಡೀ ಟಿಪ್ಪಣಿ ಸುಳ್ಳಾಗುತ್ತೆ.

ಮಕ್ಕಳ ಕೆಲಸ, ಇದರಿಂದ ಏನಾಗುತ್ತೆ ಅನ್ನೋರಿಗೆ ದೆಹಲಿಯ ಒಂದು ನಿಜ ಪ್ರಸಂಗ ಹೇಳಬೇಕು. ಗಲ್ಲು ಶಿಕ್ಷೆ ಬಿದ್ದವರು ದೇಶದಲ್ಲಿ ಎಷ್ಟು ಜನ, ಅವರು ಯಾರು ಅನ್ನೋದರ ಸರಿಯಾದ ಲೆಕ್ಕ ಒಂದು ಕಡೆ ಇರಲಿಲ್ಲ. 2013ರಲ್ಲಿ ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ ಇದಕ್ಕೆ ಕೈ ಹಾಕಿತು. ಅಲ್ಲಿನ ವಿದ್ಯಾರ್ಥಿಗಳು ಓದಿನ ಜೊತೆಗೇ ಜೈಲಿಂದ ಜೈಲಿಗೆ ಹೋದರು. ಕೈದಿಗಳ ಜೊತೆ ಮಾತಾಡಿದರು, ಅವರ ಮನೆಯವರನ್ನೂ ಹುಡುಕಿಕೊಂಡು ಹೋದರು. 385 ಕೈದಿಗಳ ಪೈಕಿ 373 ಜನರ ಸಂದರ್ಶನ ಆಯಿತು. 2016ರಲ್ಲಿ ವರದಿ ಹೊರಬಂತು. ನೂರಕ್ಕೆ ಸುಮಾರು 74 ಮಂದಿ ಬಡತನದ ಹಿನ್ನೆಲೆಯವರು. 23 ಮಂದಿ ಶಾಲೆ ಮೆಟ್ಟಿಲನ್ನೇ ಹತ್ತಿರಲಿಲ್ಲ. ಹೈಕೋರ್ಟಿನಲ್ಲಿ ತಮ್ಮ ಪರ ವಾದ ಮಾಡಿದ ವಕೀಲರ ಮುಖವನ್ನೇ ನೋಡದವರು ಎಷ್ಟೋ ಜನ ಇದ್ದರು.

ವರದಿ ಹೊರಬರೋ ಮೊದಲೇ ಕೇಂದ್ರದ ಕಾನೂನು ಆಯೋಗಕ್ಕೆ ಈ ತಂಡದ ನೆರವು ಸಿಕ್ಕಿತ್ತು. ನ್ಯಾಯಮೂರ್ತಿ ಎ.ಪಿ. ಶಾ ಅಧ್ಯಕ್ಷತೆಯ ಆಯೋಗ 2015ರ ಆಗಸ್ಟಿನಲ್ಲಿ ತನ್ನ 262ನೇ ವರದಿ ಕೊಟ್ಟಿತು. ಭಯೋತ್ಪಾದನೆ, ದೇಶದ ವಿರುದ್ಧ ಯುದ್ಧದಂಥ ಅಪರಾಧ ಬಿಟ್ಟು ಉಳಿದೆಲ್ಲದಕ್ಕೂ ಗಲ್ಲು ರದ್ದು ಮಾಡಿ ಅಂತ ಅದರಲ್ಲಿ ಶಿಫಾರಸು ಮಾಡಿತು. ಸಂಸತ್ತು ಒಪ್ಪಲಿಲ್ಲ. ಹೊಸ ಭಾರತೀಯ ನ್ಯಾಯ ಸಂಹಿತೆಯಲ್ಲೂ ಗಲ್ಲು ಉಳಿದಿದೆ. ಗಲ್ಲು ಬೇಕೇ ಬೇಡವೇ ಅನ್ನೋದರಲ್ಲಿ ಓದುಗರಿಗೆ ಅವರದೇ ಅಭಿಪ್ರಾಯ ಇರಬಹುದು, ಇರಲಿ. ಆದರೆ ಚರ್ಚೆ ಮಾಡೋಕೆ ಒಂದು ಲೆಕ್ಕ ಸಿಕ್ಕಿತು. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಮನೋಜ್ ಪ್ರಕರಣದಲ್ಲಿ ಇನ್ನೊಂದು ಮಾತು ಹೇಳಿತು. ಗಲ್ಲು ಕೊಡೋ ಮುಂಚೆ ಆರೋಪಿಯ ಮನೆ, ಓದು, ದುಡಿಮೆ, ಮನಸ್ಥಿತಿಯ ಮಾಹಿತಿ ವಿಚಾರಣೆಯ ಹಂತದಲ್ಲೇ ತರಿಸಿ ನೋಡಬೇಕು. ಆ ವಿದ್ಯಾರ್ಥಿಗಳು ಜೈಲಿನಲ್ಲಿ ಕೂತು ಕೇಳಿದ್ದೂ ಹೆಚ್ಚು ಕಡಿಮೆ ಇದೇ ಪ್ರಶ್ನೆಗಳನ್ನು.

ದೆಹಲಿ ಮಾತು ಸಾಕು, ನಮ್ಮ ಪೇಟೆಗೆ ಬರೋಣ. ಅಂಗಡಿ ಮುಂದೆ ತಳ್ಳುಗಾಡಿ ನಿಲ್ಲೋ ಜಗಳ ಯಾವ ಊರಲ್ಲಿಲ್ಲ? ಅಂಗಡಿಯವರು ‘ಬಾಡಿಗೆ, ಲೈಸೆನ್ಸು ಕಟ್ಟೋರು ನಾವು’ ಅಂತಾರೆ. ಗಾಡಿಯವರು ‘ನಮ್ಮ ಹೊಟ್ಟೆಪಾಡು’ ಅಂತಾರೆ. ಇಬ್ಬರದೂ ತಪ್ಪಲ್ಲ. ಬೀದಿ ವ್ಯಾಪಾರ ಕೂಡ ಷರತ್ತಿಗೆ ಒಳಪಟ್ಟ ಹಕ್ಕು ಅಂತ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 1989ರಲ್ಲೇ, ಸೋದನ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. 2014ರಲ್ಲಿ ಕಾಯ್ದೆಯೇ ಬಂತು. ಸರ್ವೆ ಮುಗಿಸಿ ಪ್ರಮಾಣಪತ್ರ ಕೊಡೋವರೆಗೆ ಯಾರನ್ನೂ ಎಬ್ಬಿಸೋ ಹಾಗಿಲ್ಲ. ಪ್ರತಿ ಊರಲ್ಲೂ ಪಟ್ಟಣ ವ್ಯಾಪಾರ ಸಮಿತಿ ಇರಬೇಕು. ಅದರಲ್ಲಿ ಕನಿಷ್ಠ ಶೇ 40ರಷ್ಟು ಬೀದಿ ವ್ಯಾಪಾರಿಗಳೇ ಆರಿಸಿ ಕಳಿಸಿದವರು. ಅಂಗಡಿಯವರು ಗಮನಿಸಬೇಕಾದ್ದು ಇಲ್ಲಿದೆ: ವರ್ತಕರ ಸಂಘ, ಮಾರುಕಟ್ಟೆ ಸಂಘದ ಪ್ರತಿನಿಧಿಗಳಿಗೂ ಆ ಸಮಿತಿಯಲ್ಲಿ ಜಾಗ ಕಾಯ್ದೆಯಲ್ಲೇ ಹೇಳಿದೆ. ಇದು ಎಷ್ಟು ವರ್ತಕರಿಗೆ ಗೊತ್ತು?

ಇಂಥದ್ದನ್ನು ಎರಡು ಪುಟ ಕನ್ನಡದಲ್ಲಿ ಬರೆದು ಪುರಸಭೆ ಸದಸ್ಯರ ಕೈಗೆ ಕೊಡೋಕೆ ದೊಡ್ಡ ಸಂಸ್ಥೆ ಬೇಕಿಲ್ಲ. ಬಾರ್ ಕೌನ್ಸಿಲ್ ಆಫ್ ಇಂಡಿಯಾದ 2008ರ ನಿಯಮದ ಪ್ರಕಾರ ಮೂರು ವರ್ಷದ ಲಾ ಕೋರ್ಸಿನವರು ಕನಿಷ್ಠ 12 ವಾರ, ಐದು ವರ್ಷದವರು 20 ವಾರ ಇಂಟರ್ನ್‌ಶಿಪ್ ಮಾಡಲೇಬೇಕು. ವಕೀಲರ ಆಫೀಸು ಒಂದೇ ಅಲ್ಲ, ಶಾಸನಸಭೆ, ಸ್ಥಳೀಯ ಸಂಸ್ಥೆ ಎರಡೂ ಆ ಪಟ್ಟಿಯಲ್ಲಿವೆ. ಅಂದರೆ ಪುರಸಭೆಯಲ್ಲೂ ಮಾಡಬಹುದು. ಪ್ರಾಂಶುಪಾಲರ ಪತ್ರ ಹಿಡ್ಕೊಂಡು ಮುಖ್ಯಾಧಿಕಾರಿಯನ್ನ ಹೋಗಿ ಕೇಳಬೇಕು, ಅಷ್ಟೇ. ದುಡ್ಡಿನ ವಿಷಯ ಮಾತ್ರ ಮೊದಲೇ ಇತ್ಯರ್ಥ ಮಾಡ್ಕೊಳ್ಳಿ. ಸಂಬಳ ಇದೆಯೋ ಇಲ್ಲವೋ, ವಾರಕ್ಕೆ ಎಷ್ಟು ಗಂಟೆ, ಟಿಪ್ಪಣಿ ಮೇಲೆ ಬರೆದವರ ಹೆಸರು ಇರುತ್ತೋ ಇಲ್ಲವೋ ಅನ್ನೋದನ್ನ ಬರವಣಿಗೆಯಲ್ಲೇ ತಗೊಳ್ಳಿ. ಪುಕ್ಕಟೆ ದುಡಿಸಿಕೊಳ್ಳೋರೂ ಇದ್ದಾರೆ.

ಶುರು ಮಾಡೋಕೆ ಎರಡು ಪ್ರಶ್ನೆ ಸಾಕು. ನಮ್ಮೂರಿನ ಬೀದಿ ವ್ಯಾಪಾರಿಗಳ ಸರ್ವೆ ಕೊನೆಗೆ ಆಗಿದ್ದು ಯಾವಾಗ? ವ್ಯಾಪಾರ ಸಮಿತಿ ಕೊನೇ ಸಭೆ ಸೇರಿದ್ದು ಯಾವ ತಾರೀಖು? ಪುರಸಭೆಯಲ್ಲಿ ಬಾಯಿಮಾತಿಗೆ ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ 10 ರೂಪಾಯಿ.