ತಿಂಗಳಿಗೊಂದು ಚೌಕ, ವರ್ಷಕ್ಕೊಂದು ಕೌದಿ

ತಾಳವಾಡಿಯ ಚಳಿ ಬಲ್ಲವರಿಗೆ ಕೌದಿಯ ಬೆಲೆ ಹೇಳಬೇಕಿಲ್ಲ. ಹೊರದೇಶದ ಹೊಲಿಗೆ ಗುಂಪುಗಳಲ್ಲಿ ‘ಬ್ಲಾಕ್ ಆಫ್ ದ ಮಂತ್’ ಎಂಬ ಕ್ರಮವಿದೆ. ತಿಂಗಳಿಗೊಂದು ಮಾದರಿಯಂತೆ ಒಂದೊಂದೇ ಚೌಕ ಹೊಲಿದು, ವರ್ಷದ ಕೊನೆಗೆ ಹನ್ನೆರಡನ್ನೂ ಜೋಡಿಸುವುದು.

ತಾಳವಾಡಿ, ಹೊಸೂರು, ಕಾಸರಗೋಡು ಎಂದು ಚದುರಿರುವ ನಮಗೂ ಇದು ಒಗ್ಗುತ್ತದೆ. ನಾಲ್ಕು ಮನೆಯವರು ಸೇರಿ. ಪ್ರತಿ ಮನೆ ಮೂರು ಚೌಕ ಇಟ್ಟುಕೊಂಡು ಉಳಿದ ಮೂರು ಮನೆಗೂ ಮೂರು ಮೂರು ಅಂಚೆಯಲ್ಲಿ ಕಳಿಸಿದರೆ, ಪ್ರತಿ ಕೌದಿಯಲ್ಲೂ ನಾಲ್ಕೂ ಮನೆಯ ಸೀರೆ ಇರುತ್ತದೆ.

ಎಡವುವುದು ಅಳತೆಯಲ್ಲಿ. 12 ಅಂಗುಲದ ಚೌಕಕ್ಕೆ 12½ ಅಂಗುಲ ಕತ್ತರಿಸಬೇಕು. ಪ್ರತಿ ಬದಿಯಲ್ಲೂ ಕಾಲಂಗುಲ ಹೊಲಿಗೆಗೆ ಹೋಗುತ್ತದೆ. ಒಬ್ಬರದು ಕಿರಿದಾದರೆ ಪಕ್ಕದವರ ಮೂಲೆಯೂ ಕೂಡದು. ಆದ್ದರಿಂದ ಒಂದೇ ಅಳತೆಯ ರಟ್ಟಿನ ಅಚ್ಚು ಎಲ್ಲರಲ್ಲೂ ಇರಲಿ. ಹಳೆ ಟೇಪು ಹಿಗ್ಗಿರುತ್ತದೆ, ನಂಬಬೇಡಿ. ಅಡ್ಡಕ್ಕೆ 3, ಉದ್ದಕ್ಕೆ 4 ಜೋಡಿಸಿದರೆ 36 × 48 ಅಂಗುಲ, ಅಂದರೆ ಮಗುವಿನ ಕೌದಿ. ದೊಡ್ಡವರಿಗೆ ತಿಂಗಳಿಗೆರಡು ಚೌಕ ಬೇಕು.

ಹತ್ತಿ ಸೀರೆಯನ್ನು ಒಗೆದು ಒಣಗಿಸಿಯೇ ಕತ್ತರಿಸಿ. ಪಾಲಿಯೆಸ್ಟರ್ ಬೆರೆಸಬೇಡಿ, ಹತ್ತಿ ಕುಗ್ಗುತ್ತದೆ, ಅದು ಕುಗ್ಗದು, ಕೌದಿ ಸುಕ್ಕುಗಟ್ಟುತ್ತದೆ.

ಉತ್ತರ ಕನ್ನಡದ ಸಿದ್ದಿ ಹೆಂಗಸರ ‘ಕವಂದ್’ಗೆ ಈ ಅಚ್ಚಿನ ಹಂಗಿಲ್ಲ. ಅಂಚಿನಿಂದ ನಡುವಿಗೆ ತುಂಡಿಡುತ್ತಾ ಹೊಲಿಯುತ್ತಾರೆ, ಮೂಲೆಗೆ ಮಡಚಿದ ಬಟ್ಟೆಯ ‘ಫೂಲ’ ಇಡುತ್ತಾರೆ. ಒಬ್ಬರೇ ಹೊಲಿಯುವವರಿಗೆ ನಾನಾದರೆ ಅದನ್ನೇ ಹೇಳುತ್ತೇನೆ.

ಕೊಯ್ಲಿನ ತಿಂಗಳಿಗೆ ಸುಲಭದ ಮಾದರಿ ಇರಲಿ, ಒಂದೇ ಬಟ್ಟೆಯ ಬರೀ ಚೌಕವಾದರೂ ಸರಿ. ಇನ್ನು ಅಮ್ಮನ ಸೀರೆ ಕತ್ತರಿಸುವ ಮುನ್ನ ಮನೆಯವರನ್ನೆಲ್ಲ ಕೇಳಿ. ಸೆರಗನ್ನು ಮಾತ್ರ ಮುಟ್ಟದೆ ಎತ್ತಿಡಿ.