ಜೀಪು ಎತ್ತರಿಸಿದರೆ ಸ್ಟೇರಿಂಗ್ ಏಕೆ ಮುನಿಯುತ್ತದೆ?



ಮಳೆಗಾಲದಲ್ಲಿ ಚಿಕ್ಕೋಡಿ ತಾಲ್ಲೂಕಿನ ಕಬ್ಬೂರಿನ ಕಡೆ ಹೊಲದ ದಾರಿಗೆ ಇಳಿದಿದ್ದೀರಾ? ಹಸಿ ಮಣ್ಣಿನಲ್ಲಿ ಟ್ರ್ಯಾಕ್ಟರುಗಳು ಕೊರೆದ ಆಳವಾದ ಗಾಲಿಜಾಡು, ನಡುವೆ ದಿಬ್ಬ. ಆ ದಿಬ್ಬಕ್ಕೆ ಜೀಪಿನ ಹೊಟ್ಟೆ ಕಚ್ಚಿಕೊಂಡರೆ ನಾಲ್ಕೂ ಗಾಲಿಗಳಿಗೆ ಎಂಜಿನ್ ಶಕ್ತಿ ಸಿಕ್ಕರೂ ಗಾಲಿಗಳು ನಿಂತಲ್ಲೇ ತಿರುಗುತ್ತವೆ. ಅದಕ್ಕೆಂದೇ ಕೆಲವರು ಸ್ಪ್ರಿಂಗ್ ಬದಲಿಸಿ, ದೊಡ್ಡ ಟೈರು ಹಾಕಿ ಜೀಪನ್ನು ಎತ್ತರಿಸುತ್ತಾರೆ. ಕೆಸರಿನ ತೊಂದರೆ ತೀರುತ್ತದೆ. ಆದರೆ ಡಾಂಬರು ರಸ್ತೆಗೆ ಬಂದೊಡನೆ ವಾಹನ ಅತ್ತಿತ್ತ ಎಳೆಯತೊಡಗುತ್ತದೆ. ಏಕೆ?

ಉತ್ತರ ನಿಮ್ಮ ರೇಖಾಗಣಿತದಲ್ಲೇ ಇದೆ. ಸ್ಟೇರಿಂಗ್ ಪೆಟ್ಟಿಗೆ ಚಾಸಿಗೆ ಬಿಗಿದಿರುತ್ತದೆ, ಅಂದರೆ ಸ್ಪ್ರಿಂಗಿನ ಮೇಲೆ. ಗಾಲಿ ಇರುವುದು ಸ್ಪ್ರಿಂಗಿನ ಕೆಳಗೆ. ಇವೆರಡನ್ನೂ ಜೋಡಿಸುವ ಸರಳೇ ಡ್ರ್ಯಾಗ್ ಲಿಂಕ್. ಅದರ ಉದ್ದ 100 ಸೆಂ.ಮೀ. ಎಂದೂ, ಮೊದಲು ಅಡ್ಡವಾಗಿ ಮಲಗಿತ್ತೆಂದೂ ಇಟ್ಟುಕೊಳ್ಳೋಣ. ಗಾಲಿ 5 ಸೆಂ.ಮೀ. ಕುಣಿಗೆ ಇಳಿದರೆ, ಪೈಥಾಗೊರಸ್ ಪ್ರಮೇಯದ ಪ್ರಕಾರ ಸರಳಿನ ಅಡ್ಡಳತೆ ಕೇವಲ 1.25 ಮಿ.ಮೀ. ಕುಗ್ಗುತ್ತದೆ. ಈಗ ಜೀಪನ್ನು 10 ಸೆಂ.ಮೀ. ಎತ್ತರಿಸಿ. ಸರಳು ಓರೆಯಾಯಿತು. ಅದೇ ಕುಣಿಗೆ ಅಡ್ಡಳತೆ 6 ಮಿ.ಮೀ.ಗೂ ಹೆಚ್ಚು ಕುಗ್ಗುತ್ತದೆ, ಸುಮಾರು ಐದು ಪಟ್ಟು! ನಿಮ್ಮ ಕೈ ಅಲುಗದಿದ್ದರೂ ಗಾಲಿ ತಿರುಗುತ್ತದೆ. ಇದನ್ನೇ ಬಂಪ್ ಸ್ಟೇರ್ ಎನ್ನುತ್ತಾರೆ.

ಪರಿಹಾರವೆಂದರೆ ಸರಳನ್ನು ಮತ್ತೆ ಮಲಗಿಸುವುದು. ಪೆಟ್ಟಿಗೆಯಿಂದ ಇಳಿಬೀಳುವ ಪಿಟ್‌ಮನ್ ತೋಳನ್ನು ಇನ್ನಷ್ಟು ಕೆಳಕ್ಕೆ ಬಾಗಿದ ತೋಳಿಗೆ ಬದಲಿಸುವುದು ಒಂದು ದಾರಿ. ಆದರೆ ಪೆಟ್ಟಿಗೆಯ ಮೇಲೆ ತಿರುಚುವ ಒತ್ತಡ ಹೆಚ್ಚುತ್ತದೆ. ಗಾಲಿಯ ಕಡೆಯ ತೋಳನ್ನೇ ಮೇಲಕ್ಕೆ ತರುವುದು ಅದಕ್ಕಿಂತ ಉತ್ತಮ.

ಇನ್ನೊಂದು ಸಂಗತಿ. ಸೈಕಲ್ಲಿನ ಮುಂದಿನ ಫೋರ್ಕು ಓರೆಯಾಗಿರುವುದನ್ನು ನೋಡಿದ್ದೀರಿ. ಜೀಪಿನ ಗಾಲಿ ತಿರುಗುವ ಅಕ್ಷಕ್ಕೂ ಅಂಥದೇ ಓರೆ ಇರುತ್ತದೆ. ಅದು ಕ್ಯಾಸ್ಟರ್ ಕೋನ. ತಿರುವು ಮುಗಿದ ಮೇಲೆ ಗಾಲಿಯನ್ನು ನೆಟ್ಟಗೆ ತರಲು ಅದು ನೆರವಾಗುತ್ತದೆ. ಎತ್ತರಿಸುವಾಗ ಆಕ್ಸಲ್ ತುಸು ಹೊರಳಿ ಈ ಕೋನ ಕುಗ್ಗಿದರೆ ವಾಹನ ಅಲೆಯುತ್ತದೆ. ಸ್ಪ್ರಿಂಗಿನಡಿ ಉಕ್ಕಿನ ಬೆಣೆ ಇಟ್ಟು ಅದನ್ನು ಸರಿಪಡಿಸಬಹುದು.

ದೊಡ್ಡ ಟೈರನ್ನು ತಿರುಗಿಸಲು ಬಲವೂ ಹೆಚ್ಚು ಬೇಕು. ಅದಕ್ಕೇ ಪವರ್ ಸ್ಟೇರಿಂಗ್. ಎಂಜಿನ್ ನಡೆಸುವ ಪಂಪು ಎಣ್ಣೆಯನ್ನು ಒತ್ತುತ್ತದೆ. ಪಾಸ್ಕಲನ ನಿಯಮದಂತೆ ಆ ಒತ್ತಡ ಪಿಸ್ಟನ್ನನ್ನು ತಳ್ಳುತ್ತದೆ. 1951ರಲ್ಲಿ ಅಮೆರಿಕದ ಕ್ರೈಸ್ಲರ್ ಇಂಪೀರಿಯಲ್ ಕಾರಿನೊಂದಿಗೆ ಇದು ಮಾರುಕಟ್ಟೆಗೆ ಬಂತು. ಆದರೆ ನೆನಪಿಡಿ: ಇದು ಕೈಯ ಶ್ರಮ ತಗ್ಗಿಸುತ್ತದೆಯೇ ಹೊರತು ಓರೆಯಾದ ಸರಳನ್ನು ನೆಟ್ಟಗೆ ಮಾಡುವುದಿಲ್ಲ.

ಒಮ್ಮೆ ಚಿತ್ರೀಕರಣಕ್ಕೆ ಹೊರಟಿದ್ದ ನಮ್ಮ ಬಾಡಿಗೆ ಜೀಪು ಇದ್ದಕ್ಕಿದ್ದಂತೆ ಕಬ್ಬಿನ ಗದ್ದೆಗೆ ನುಗ್ಗಿತು. ಯಾರೋ ಕಾಯಿಸಿ, ಬಗ್ಗಿಸಿ, ಬೆಸುಗೆ ಹಾಕಿದ್ದ ಸ್ಟೇರಿಂಗ್ ಸರಳು ಮುರಿದಿತ್ತು. ವೇಗ ಕಡಿಮೆಯಿದ್ದುದರಿಂದ ಬದುಕಿದೆವು. ಕಾಯಿಸಿದ ಉಕ್ಕು ತನ್ನ ಮೊದಲಿನ ಗಟ್ಟಿತನ ಕಳೆದುಕೊಳ್ಳಬಹುದು. ಹೊರನೋಟಕ್ಕೆ ಅದು ತಿಳಿಯದು.

ಕಾನೂನನ್ನೂ ಮರೆಯಬೇಡಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ವಾಹನದ ಮೂಲ ರಚನೆಯನ್ನು ಮನಬಂದಂತೆ ಬದಲಿಸುವುದನ್ನು ತಡೆಯುತ್ತದೆ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ.

ಮುಂದಿನ ಸಲ ಊರಿನ ಗ್ಯಾರೇಜಿಗೆ ಹೋದಾಗ, ನಿಂತ ಜೀಪಿನ ಮುಂಭಾಗದಲ್ಲಿ ಬಗ್ಗಿ ಆ ಸರಳನ್ನು ಹುಡುಕಿ. ಅದು ಮಲಗಿದೆಯೋ, ಓರೆಯಾಗಿದೆಯೋ ನೋಡಿ. ನೀವು ಓದಿದ ತ್ರಿಕೋನ ಅಲ್ಲೇ ನಿಮ್ಮನ್ನು ಕಾಯುತ್ತಿರುತ್ತದೆ.